ಸವಕಳಿಯ ಲೆಕ್ಕ

ಬಿ.ಕಾಂ. ಮೊದಲ ವರ್ಷದ ತರಗತಿ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಡೆಪ್ರಿಸಿಯೇಷನ್’ ಎಂದು ಬರೆದು, ಒಂದು ಲಕ್ಷ ರೂಪಾಯಿಯ ಯಂತ್ರಕ್ಕೆ ಹತ್ತು ವರ್ಷ ಆಯುಸ್ಸು ಹಿಡಿದು ಲೆಕ್ಕ ಬಿಡಿಸುತ್ತಿದ್ದೆ. ಅರ್ಧ ತರಗತಿ ಬರೆದುಕೊಳ್ಳುತ್ತಿತ್ತು, ಇನ್ನರ್ಧ ಬೋರ್ಡು ನೋಡುತ್ತಿತ್ತು. ತಿಳಿದು ಬರೆದುಕೊಳ್ಳುವ ಮುಖ ಬೇರೆ, ಸುಮ್ಮನೆ ನೋಡುವ ಮುಖ ಬೇರೆ. ಮೇಷ್ಟ್ರಾದವನಿಗೆ ಅದು ಗೊತ್ತಾಗುತ್ತದೆ. ಬೆಲ್ಲು ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ಅಡ್ಡ ಬಂದಳು.

“ಸಾರ್, ಇದು ಸವಕಳಿನಾ?”

“ಹೌದಮ್ಮ, ಸವಕಳಿನೇ.”

“ಹಂಗಾದ್ರೆ ಬರುತ್ತೆ ಸಾರ್, ಪಿಯುಸಿಲಿ ಮಾಡಿದೀನಿ” ಅಂದವಳೇ ಹೊರಟುಹೋದಳು.

ಅವಳಿಗೆ ರೋಜುಕೀರ್ದಿ ಗೊತ್ತು, ಖಾತಾವಹಿ ಗೊತ್ತು, ಅಢಾವೆ ಪತ್ರಿಕೆಯನ್ನು ಕಣ್ಣುಮುಚ್ಚಿ ತಾಳೆ ಮಾಡಬಲ್ಲಳು. ಕನ್ನಡ ಮಾಧ್ಯಮದಲ್ಲಿ ಎರಡು ವರ್ಷ ಅದನ್ನೇ ಮಾಡಿ ಬಂದವಳು. ಅವತ್ತು ಇಡೀ ಪೀರಿಯಡ್ಡು ಅವಳ ಪಾಲಿಗೆ ಹಾಳಾದದ್ದು ಒಂದು ಪದದ ದೆಸೆಯಿಂದ. ಮರುದಿನದಿಂದ ಬೋರ್ಡಿನ ಬಲತುದಿಯಲ್ಲಿ ಒಂದು ಗೆರೆ ಎಳೆದು, ಆ ದಿನದ ಇಂಗ್ಲಿಷ್ ಪದಗಳ ಎದುರಿಗೆ ಕನ್ನಡದ ಪದ ಬರೆಯತೊಡಗಿದೆ. ಬರೆಯುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಪಿಯುಸಿಯ ಕನ್ನಡ ಪುಸ್ತಕ ಹುಡುಕಿ, ಅಧ್ಯಾಯವಾರು ಪದ ಹೆಕ್ಕಿ ಪಟ್ಟಿ ಮಾಡುವುದಕ್ಕೆ ಎರಡು ಭಾನುವಾರ ಹಿಡಿಯಿತು. ಅರ್ಧ ನಿಮಿಷ ಎಲ್ಲರಿಗೂ ಕಂಡಿತು. ಭಾನುವಾರ ಯಾವ ರಿಜಿಸ್ಟರಿನಲ್ಲೂ ಇಲ್ಲ. ಇವತ್ತಿನ ಅಂಕಣ ಆ ಭಾನುವಾರದ್ದು.

ಶಾಲೆಯ ಮಟ್ಟದಲ್ಲಿ ‘ಸಮನ್ವಯ ಶಿಕ್ಷಣ’ ಎಂಬ ಮಾತು ನಮಗೆ ಹಳೆಯದು. ವಿಕಲಚೇತನ ಮಕ್ಕಳನ್ನು ಬೇರೆ ಕೂರಿಸದೆ ಎಲ್ಲರ ಜೊತೆಗೇ ಕಲಿಸುವುದು ಎಂಬ ಅರ್ಥದಲ್ಲಿ ಅದು ಬಳಕೆಯಲ್ಲಿದೆ. ಕಾಲೇಜಿಗೆ ಬಂದಾಗ ಆ ಮಾತಿನ ಹರವು ದೊಡ್ಡದಾಗಬೇಕು. ಕೇಂದ್ರ ಸರ್ಕಾರದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು 4.33 ಕೋಟಿ, ಅವರಲ್ಲಿ ಹೆಣ್ಣುಮಕ್ಕಳು 2.07 ಕೋಟಿ. ಒಟ್ಟು ದಾಖಲಾತಿ ಅನುಪಾತ ದೇಶದಲ್ಲಿ 28.4 ಇದ್ದರೆ ಕರ್ನಾಟಕದಲ್ಲಿ 36.2. ಅಂದರೆ ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವವರು, ಬೆಳಗ್ಗೆ ಹಾಲು ಹಾಕಿ ಬಸ್ಸು ಹತ್ತುವವರು, ಸಂಜೆ ಅಂಗಡಿಯಲ್ಲಿ ದುಡಿಯುವವರು, ಹಾಸ್ಟೆಲಿನ ಸೀಟಿಗಾಗಿ ಕಾಯುತ್ತಿರುವವರು, ಕಣ್ಣು ಮಂದವಿರುವವರು, ಅಕ್ಷರ ತಿರುವುಮುರುವು ಕಾಣುವವರು ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಬಾಗಿಲು ತೆರೆದದ್ದಾಯಿತು. ಒಳಗೆ ಬಂದವರಿಗೆ ಪಾಠ ತಲುಪುತ್ತಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ.

ಕಾನೂನು ಈ ಪ್ರಶ್ನೆಗೆ ಅಲ್ಪಸ್ವಲ್ಪ ಉತ್ತರ ಕೊಟ್ಟಿದೆ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕಲಿಕಾ ನ್ಯೂನತೆ, ಥಲಸೇಮಿಯಾ, ಹಿಮೋಫಿಲಿಯಾ ಎಲ್ಲ ಒಳಗೆ ಬಂದವು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಸಿಕ್ಕಿತು. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಕಾಲ ಕೊಡಬೇಕೆಂಬ ಮಾರ್ಗಸೂಚಿ ಇದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಬರವಣಿಗೆಯ ಸಹಾಯಕರನ್ನು ಕೊಡಲು ಶೇ 40ರ ವೈಕಲ್ಯದ ಸರ್ಟಿಫಿಕೇಟೇ ಬೇಕೆಂದು ಹಟ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಹೇಳಿತು. ಒಬ್ಬರಿಗೆ ಬೇಕಾದ ಹೊಂದಾಣಿಕೆಯನ್ನು ಅವರವರ ಸ್ಥಿತಿ ನೋಡಿ ಮಾಡಬೇಕು, ಅದು ದಯೆಯಲ್ಲ, ಹಕ್ಕು ಎಂಬುದು ತೀರ್ಪಿನ ತಿರುಳು.

ಆದರೆ ಈ ಹಕ್ಕನ್ನು ತರಗತಿಯಲ್ಲಿ ಜಾರಿ ಮಾಡುವವರು ಕೋರ್ಟಿನ ಅಮೀನರಲ್ಲ, ಮೇಷ್ಟ್ರು. ಅದೂ ತೀರ ಚಿಕ್ಕಪುಟ್ಟ ಕೆಲಸಗಳಲ್ಲಿ. ಲೆಕ್ಕದ ಪಾಠವನ್ನೇ ತೆಗೆದುಕೊಳ್ಳಿ. “ಇದರಲ್ಲಿ ಇದನ್ನ ಕಳೆದರೆ ಇದು ಬರುತ್ತೆ” ಎಂದು ಬೋರ್ಡು ಕುಟ್ಟಿ ತೋರಿಸುವುದು ನಮ್ಮೆಲ್ಲರ ಅಭ್ಯಾಸ. ಕಣ್ಣು ಕಾಣದ ಹುಡುಗನಿಗೆ ಆ ವಾಕ್ಯದಲ್ಲಿ ಮೂರು ‘ಇದು’ ಬಿಟ್ಟರೆ ಏನೂ ಇಲ್ಲ. “ಒಂದು ಲಕ್ಷದಲ್ಲಿ ಹತ್ತು ಸಾವಿರ ಕಳೆದರೆ ತೊಂಬತ್ತು ಸಾವಿರ” ಎಂದು ಬಾಯಿಬಿಟ್ಟು ಹೇಳಿದರೆ ಅವನಿಗೂ ಲೆಕ್ಕ ಸಿಕ್ಕಿತು, ಕೊನೆಯ ಬೆಂಚಿನಲ್ಲಿ ಕತ್ತು ಉದ್ದ ಮಾಡಿ ನೋಡುವವನಿಗೂ ಸಿಕ್ಕಿತು.

ಪ್ರಶ್ನೆ ಕೇಳುವ ರೀತಿಯೂ ಹಾಗೆಯೇ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆ ಕೇಳಿ, ಶಿಕ್ಷಕರು ಪ್ರಶ್ನೆ ಹಾಕಿದ ಮೇಲೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದವರು ಬಾಯಿಬಿಟ್ಟರು. ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ, ಉತ್ತರವನ್ನು ಕನ್ನಡದಲ್ಲಿ ಹುಡುಕಿ, ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕಾದ ನಮ್ಮ ಹುಡುಗರಿಗೆ ಮೂರು ಸೆಕೆಂಡು ಎಲ್ಲಿ ಸಾಕು?

ಬರೀ ಉಪನ್ಯಾಸ ಕೊಡುವ ಬದಲು ವಿದ್ಯಾರ್ಥಿಗಳಿಂದಲೇ ಮಾಡಿಸುವ, ಚರ್ಚಿಸಿ ಬಿಡಿಸುವ ಪಾಠದ ಬಗ್ಗೆಯೂ ಗಟ್ಟಿ ಪುರಾವೆ ಇದೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸ್ಕಾಟ್ ಫ್ರೀಮನ್ ತಂಡ 2014ರಲ್ಲಿ, ಉಪನ್ಯಾಸ ಮಾತ್ರ ಕೇಳಿದವರು ಫೇಲಾಗುವ ಸಂಭವ ಒಂದೂವರೆ ಪಟ್ಟು ಹೆಚ್ಚು ಎಂದು ತೋರಿಸಿತು. 2020ರ ಇನ್ನೊಂದು ದೊಡ್ಡ ವಿಶ್ಲೇಷಣೆಯಲ್ಲಿ, ಇಂಥ ಪಾಠದಿಂದ ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳ ಮತ್ತು ಉಳಿದವರ ನಡುವಿನ ಪರೀಕ್ಷಾ ಅಂಕಗಳ ಅಂತರ ಸುಮಾರು ಮೂರನೇ ಒಂದು ಭಾಗ ಇಳಿದದ್ದು ಕಂಡಿತು. ಎಲ್ಲರಿಗೂ ಒಳ್ಳೆಯದಾಗುವ ಪಾಠ, ಹಿಂದಿದ್ದವರಿಗೆ ಇನ್ನೂ ಹೆಚ್ಚು ಒಳ್ಳೆಯದು ಮಾಡುತ್ತದೆ.

ಬಿಡಬೇಕಾದ ಅಭ್ಯಾಸಗಳೂ ಇವೆ. ಸ್ಕಾಲರ್‌ಶಿಪ್ಪಿನ ಸರ್ಕ್ಯುಲರು ಬಂದಾಗ “ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ” ಎನ್ನುವ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಹೇಳುವವರಿಗೆ ಅದು ಆಫೀಸಿನ ಕೆಲಸ. ನಿಲ್ಲುವ ಹುಡುಗನಿಗೆ ಮೂರು ವರ್ಷದ ಗುರುತು. ದೆಹಲಿಯ ಏಮ್ಸ್‌ನಲ್ಲಿ ಜಾತಿ ತಾರತಮ್ಯದ ಬಗ್ಗೆ ಪ್ರೊ. ಸುಖದೇವ್ ಥೋರಟ್ ಸಮಿತಿ ವರದಿ ಕೊಟ್ಟದ್ದು 2007ರಲ್ಲಿ. ಸಮಾನ ಅವಕಾಶ ಕೋಶ ಇರಬೇಕೆಂದು ಯುಜಿಸಿ ನಿಯಮ ಮಾಡಿದ್ದು 2012ರಲ್ಲಿ. ಆ ಕೋಶದ ಬೋರ್ಡು ಪ್ರಿನ್ಸಿಪಾಲರ ಕೋಣೆಯ ಪಕ್ಕ ತೂಗುತ್ತಿರುವಾಗಲೇ, ಎರಡು ಕೋಣೆ ಆಚೆ ಹುಡುಗರು ಎದ್ದು ನಿಲ್ಲುತ್ತಿರುತ್ತಾರೆ. ಸರ್ಕ್ಯುಲರನ್ನು ನೋಟಿಸ್ ಬೋರ್ಡಿಗೆ ಹಾಕಿ, ಎಲ್ಲರ ಫೋನಿಗೂ ಕಳಿಸಿದರೆ ಮುಗಿಯಿತು.

ಬಸ್ಸಿನ ವಿಷಯವೂ ಉಂಟು. ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಟಿಕೆಟಿನ ಚಿಂತೆ ಹೆಣ್ಣುಮಕ್ಕಳಿಗೆ ತಪ್ಪಿತು. ಬಸ್ಸು ಬರುವ ಹೊತ್ತು ಮಾತ್ರ ಡಿಪೋದವರ ಕೈಯಲ್ಲಿದೆ. ಹಳ್ಳಿಯ ಮೊದಲ ಬಸ್ಸು ಹತ್ತು ನಿಮಿಷ ತಡವಾದರೆ ಮೊದಲ ಪೀರಿಯಡ್ಡು ಹೋಯಿತು, ಶೇ 75ರ ಹಾಜರಿಯೂ ಕರಗಿತು. ಟೈಮ್‌ಟೇಬಲ್ ಹಾಕುವವರು ರೂಟಿನ ಬಸ್ಸಿನ ವೇಳೆ ಗೋಡೆಗೆ ಅಂಟಿಸಿಕೊಂಡು ಕೂತರೆ ಅದೂ ಸಮನ್ವಯ ಶಿಕ್ಷಣವೇ.

ಇನ್ನು ಕನ್ನಡ. ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ 1956–60ರ ಕಾಲದಿಂದಲೂ ಕಾಲೇಜಿನಲ್ಲಿ ಕನ್ನಡ ಮಾಧ್ಯಮದ ವಾದ ನಡೆದೇ ಇದೆ. ಕೋರ್ಸು ಇಂಗ್ಲಿಷಿನದಾದರೂ ಉತ್ತರವನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತು. ಆದರೆ ಉತ್ತರ ಬರೆಯುವ ಸ್ವಾತಂತ್ರ್ಯ ಕೊಟ್ಟ ಮಾತ್ರಕ್ಕೆ ಓದುವ ಪುಸ್ತಕ ಹುಟ್ಟಿಕೊಳ್ಳುವುದಿಲ್ಲ. ಪುಸ್ತಕವಿಲ್ಲದ ಕಡೆ ಯಾರೋ ಒಬ್ಬರು ಕೂತು ನೋಟ್ಸು ಮಾಡಬೇಕು.

ಆ ಯಾರೋ ಒಬ್ಬರು ಯಾರು?

ಮೊದಲು ಗಂಟೆಗಳ ಲೆಕ್ಕ ಹಾಕೋಣ. ಯುಜಿಸಿಯ 2018ರ ನಿಯಮದಂತೆ ಕಾಯಂ ಅಧ್ಯಾಪಕರು ವಾರಕ್ಕೆ 40 ಗಂಟೆ ಕೆಲಸ ಮಾಡಬೇಕು. ಸಹಾಯಕ ಪ್ರಾಧ್ಯಾಪಕರಿಗೆ ಅದರಲ್ಲಿ 16 ಗಂಟೆ ಪಾಠ. ಉಳಿದ 24 ಗಂಟೆ ತಯಾರಿ, ಮೌಲ್ಯಮಾಪನ, ಓದು, ವಿದ್ಯಾರ್ಥಿಗಳ ಜೊತೆ ಮಾತು ಇತ್ಯಾದಿಗೆ ಎಂಬುದು ಕಾಗದದ ಮಾತು. ಈಗ 80 ಮಕ್ಕಳ ಒಂದು ತರಗತಿಗೆ ಎರಡು ಪುಟದ ಒಂದು ಅಸೈನ್‌ಮೆಂಟ್ ಕೊಡಿ. ಒಬ್ಬರದನ್ನು ಓದಿ, ಎಲ್ಲಿ ಎಡವಿದ್ದಾರೆಂದು ಎರಡು ಸಾಲು ಬರೆಯಲು ಐದು ನಿಮಿಷ. ಒಟ್ಟು 400 ನಿಮಿಷ, ಅಂದರೆ ಆರು ಗಂಟೆ ನಲವತ್ತು ನಿಮಿಷ. ಅಂಥ ಎರಡು ಸೆಕ್ಷನ್ ಇದ್ದರೆ ಹದಿಮೂರು ಗಂಟೆ ದಾಟುತ್ತದೆ. ಒಂದೇ ಒಂದು ಅಸೈನ್‌ಮೆಂಟಿಗೆ. ಎಲ್ಲರನ್ನೂ ಒಳಗೊಳ್ಳುವ ಪಾಠಕ್ಕೆ ಬೇಕಾದ ಕಚ್ಚಾಮಾಲು ಕಾಲ. ಪ್ರೊಜೆಕ್ಟರು, ಸ್ಮಾರ್ಟ್ ಬೋರ್ಡುಗಳು ಆಮೇಲಿನವು.

ಈಗ ಪಾಠ ಮಾಡುವವರನ್ನು ನೋಡಿ. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು 400ಕ್ಕೂ ಹೆಚ್ಚು. ಅವುಗಳ ಪಾಠದ ಭಾರದ ದೊಡ್ಡ ಪಾಲನ್ನು ಹೊತ್ತವರು ಸಾವಿರಾರು ಅತಿಥಿ ಉಪನ್ಯಾಸಕರು. ‘ಅತಿಥಿ’ ಎಂದರೆ ತಿಥಿ ನೋಡದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಹದಿನೈದು ವರ್ಷದಿಂದ ಅದೇ ಕಾಲೇಜಿಗೆ, ಅದೇ ಬಸ್ಸಿನಲ್ಲಿ ಬರುತ್ತಿರುವವರನ್ನೂ ನಾವು ಹಾಗೇ ಕರೆಯುತ್ತೇವೆ. ಅವರಿಗೆ ಕೊಡುವ ಹಣಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತೇವೆ.

2022ರ ಜನವರಿಯವರೆಗೆ ಆ ಗೌರವ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿಯಷ್ಟಿತ್ತು. ಮುಷ್ಕರದ ನಂತರ ಸರ್ಕಾರ ಅದನ್ನು ವಿದ್ಯಾರ್ಹತೆ ಮತ್ತು ಸೇವೆ ನೋಡಿ 26ರಿಂದ 32 ಸಾವಿರಕ್ಕೆ ಏರಿಸಿತು. ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಏರಿಸಿತು. ಒಬ್ಬರ ಗಂಟೆ ಹೆಚ್ಚಿದರೆ ಬೇಕಾಗುವ ಜನ ಕಡಿಮೆ. ಹೀಗಾಗಿ ಹಲವರು ಹೊರಗುಳಿದರು. 2023ರ ನವೆಂಬರಿನಲ್ಲಿ ಮತ್ತೆ ತರಗತಿ ಬಹಿಷ್ಕಾರ ನಡೆಯಿತು. 2024ರ ಜನವರಿಯಲ್ಲಿ ಸೇವಾವಧಿಗೆ ತಕ್ಕಂತೆ ಐದರಿಂದ ಎಂಟು ಸಾವಿರ ರೂಪಾಯಿ ಹೆಚ್ಚಳ ಘೋಷಣೆಯಾಯಿತು. ದುಡಿದ ವರ್ಷಗಳಿಗೂ ಬೆಲೆಯಿದೆ ಎಂದು ಒಪ್ಪಿಕೊಂಡಂತಾಯಿತು. ಅಷ್ಟಾದರೂ ಮೇಲಿನ ಮಿತಿ 40 ಸಾವಿರದ ಆಸುಪಾಸು. ಅದೇ ಪಾಠ ಮಾಡುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವೇ 57,700 ರೂಪಾಯಿ. ಅತಿಥಿ ಬೋಧಕರಿಗೆ ಪಾಠವೊಂದಕ್ಕೆ 1,500ರಂತೆ ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದೆಂದು ಯುಜಿಸಿ 2019ರಲ್ಲೇ ಹೇಳಿತ್ತು.

ಹಣಕ್ಕಿಂತ ಹೆಚ್ಚು ಕಾಡುವುದು ಲೆಕ್ಕ ಹಿಡಿಯುವ ಕ್ರಮ. ಅತಿಥಿ ಉಪನ್ಯಾಸಕರ ಕೆಲಸ ಎಂದರೆ ತರಗತಿಯೊಳಗಿನ 15 ಗಂಟೆ ಮಾತ್ರ. ಕಾರಿಡಾರಿನಲ್ಲಿ ನಿಂತು “ಇದು ಸವಕಳಿನಾ ಸಾರ್” ಎಂದು ಕೇಳಿದವಳಿಗೆ ಕೊಟ್ಟ ನಿಮಿಷ ಆ ಹದಿನೈದರಲ್ಲಿ ಸೇರುವುದಿಲ್ಲ. ರಜೆಯ ತಿಂಗಳುಗಳಿಗೆ ಗೌರವಧನವಿಲ್ಲ. ಹೀಗಿರುವಾಗ ಪದಪಟ್ಟಿ ಮಾಡುವುದು ಯಾವ ಭಾನುವಾರ? ವಾರದ ಉಳಿದ ದಿನ ಟ್ಯೂಷನ್, ಇನ್ನೊಂದು ಖಾಸಗಿ ಕಾಲೇಜು, ಊರಲ್ಲಿದ್ದರೆ ಹೊಲ. ಮುಂದಿನ ವರ್ಷ ಈ ಕಾಲೇಜಿನಲ್ಲೇ ಇರುತ್ತೇನೋ ಇಲ್ಲವೋ ಎಂಬ ಮೇಷ್ಟ್ರು ಮೊದಲ ವರ್ಷದ ಹುಡುಗಿಯನ್ನು ಮೂರನೇ ವರ್ಷದವರೆಗೆ ಹಿಂಬಾಲಿಸಿ ನೋಡಿಕೊಳ್ಳಲಿ ಎಂದು ಬಯಸುವುದು ದೊಡ್ಡ ಆಸೆ. ಆದರೂ ಎಷ್ಟೋ ಜನ ಹಾಗೆ ನೋಡಿಕೊಳ್ಳುತ್ತಾರೆ. ನಮ್ಮ ಕಾಲೇಜುಗಳು ನಿಂತಿರುವುದೇ ಅವರ ಈ ಬಿಟ್ಟಿ ಗಂಟೆಗಳ ಮೇಲೆ.

ಕಾಯಂ ಮಾಡಿಬಿಡಿ ಎಂದು ಹೇಳುವುದು ಸುಲಭ. ಅತಿಥಿ ಉಪನ್ಯಾಸಕರ ಯಾವ ಸಭೆಗೆ ಹೋದರೂ ‘ಉಮಾದೇವಿ ಪ್ರಕರಣ’ ಎಂಬ ಹೆಸರು ಕೇಳಿಸುತ್ತದೆ. ಕರ್ನಾಟಕದಿಂದಲೇ ಹೋದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲಿನಲ್ಲಿ, ನಿಯಮದಂತೆ ಆಯ್ಕೆಯಾಗದೆ ತಾತ್ಕಾಲಿಕವಾಗಿ ದುಡಿದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದಿತು. ಆದರೆ ಕೂಲಿಯ ಮಾತು ಬೇರೆ. ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದು 2016ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಬೇಕೆಂದೂ ಹೇಳಿತು. ಕಾಯಂ ನೇಮಕಾತಿಯ ವೇಗ ನಮಗೆ ಗೊತ್ತೇ ಇದೆ: 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದು, 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿದ ಮೇಲೂ ಆದೇಶ ಪತ್ರಕ್ಕಾಗಿ ಜನ ವರ್ಷಗಟ್ಟಲೆ ಕಾದರು. ಹೊಸಬರು ಸೋಮವಾರ ವರದಿ ಮಾಡಿಕೊಂಡರೆ, ಅಲ್ಲೇ ಹತ್ತು ವರ್ಷ ಪಾಠ ಮಾಡಿದ ಅತಿಥಿಯ ಕಾರ್ಯಭಾರ ಅಂದೇ ಮುಗಿಯುತ್ತದೆ. ಒಬ್ಬರ ಮನೆಯಲ್ಲಿ ಪೇಡ, ಇನ್ನೊಬ್ಬರ ಮನೆಯಲ್ಲಿ ಮೌನ. ಇಬ್ಬರದೂ ತಪ್ಪಲ್ಲ.

ಕಾಯಂ ಆದವರಿಗಾದರೂ ಆ 24 ಗಂಟೆ ಸಿಕ್ಕಿದೆಯೇ? ಅದೂ ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ 2021–22ರಲ್ಲಿ ಪದವಿಗೆ ಬಂತು. 2024–25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆಗ ಮೊದಲ ವರ್ಷಕ್ಕೆ ಒಂದು, ಮೇಲಿನ ವರ್ಷಗಳಿಗೆ ಇನ್ನೊಂದು, ಹಳೆಯ ಬಾಕಿ ವಿಷಯ ಬರೆಯುವವರಿಗೆ ಮತ್ತೊಂದು. ಒಂದೇ ಸ್ಟಾಫ್‌ರೂಮಿನಲ್ಲಿ ಮೂರು ಪಠ್ಯಕ್ರಮ. ಇದರ ಮೇಲೆ ಪ್ರವೇಶಾತಿ, ಆಂತರಿಕ ಅಂಕ ಎಲ್ಲವನ್ನೂ ಯುಯುಸಿಎಂಎಸ್ ಎಂಬ ಸರ್ಕಾರಿ ಪೋರ್ಟಲಿಗೆ ಏರಿಸುವ ಕೆಲಸ, ಚುನಾವಣಾ ಡ್ಯೂಟಿ. ಮತ್ತೆ ನ್ಯಾಕ್.

ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ನೆಲೆಸಿದ ನ್ಯಾಕ್ ಬಹುಕಾಲ ಬಳಸಿದ ಮಾನದಂಡಗಳು ಏಳು. ಎರಡನೆಯದರಲ್ಲಿ ನಿಧಾನವಾಗಿ ಕಲಿಯುವವರಿಗೆ ಏನು ಮಾಡಿದಿರಿ ಎಂಬ ಪ್ರಶ್ನೆ, ಏಳನೆಯದರಲ್ಲಿ ವಿಕಲಚೇತನರಿಗೆ ಇಳಿಜಾರು ದಾರಿ ಇದೆಯೇ, ಎಲ್ಲರನ್ನೂ ಒಳಗೊಳ್ಳುವ ವಾತಾವರಣ ಇದೆಯೇ ಎಂಬ ಪ್ರಶ್ನೆ. ಪ್ರಶ್ನೆಗಳು ಒಳ್ಳೆಯವೇ. ಉತ್ತರಕ್ಕೆ ಬೇಕಾದದ್ದು ಜಿಯೋಟ್ಯಾಗ್ ಇರುವ ಫೋಟೊ. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ‘ಪರಿಹಾರ ಬೋಧನೆ’ಯ ಫೈಲು ತಯಾರಿಸುವ ಗಡಿಬಿಡಿಯಲ್ಲಿ ಪರಿಹಾರ ಬೋಧನೆಯ ತರಗತಿಯೇ ಎರಡು ವಾರ ರದ್ದಾಯಿತು. ಫೋಟೊಗೆ ಬೇರೆ ತರಗತಿಯ ಮಕ್ಕಳನ್ನು ಕರೆದು ಕೂರಿಸಿದರು. ಅಕ್ಷಾಂಶ ರೇಖಾಂಶ ಮಾತ್ರ ಸರಿಯಾಗಿತ್ತು.

ಇಷ್ಟು ಹೊತ್ತು ಮೇಷ್ಟ್ರು ಎಂದೇ ಹೇಳಿದೆ. ದೇಶದ ಸುಮಾರು 16 ಲಕ್ಷ ಕಾಲೇಜು ಅಧ್ಯಾಪಕರಲ್ಲಿ ಶೇ 43ರಷ್ಟು ಮಹಿಳೆಯರು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. 50 ಮಂದಿ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಹೇಳಿತು. ಆದರೂ ಏಳು ತಿಂಗಳ ಗರ್ಭಿಣಿ ಉಪನ್ಯಾಸಕಿಯೊಬ್ಬರು “ರಜೆ ಕೇಳಿದ್ರೆ ಮುಂದಿನ ಸೆಮಿಸ್ಟರ್ ಕರೀತಾರೋ ಇಲ್ವೋ ಸಾರ್” ಎಂದು ಮೂರನೇ ಮಹಡಿಯ ತರಗತಿಗೆ ಮೆಟ್ಟಿಲು ಹತ್ತುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಅವರ ಅವತ್ತಿನ ಪಾಠ ಕಾರ್ಮಿಕ ಕಾನೂನು.

ಹಾಗಾದರೆ ಏನು ಮಾಡಬಹುದು? ಎಲ್ಲಕ್ಕೂ ಕೋಟಿಗಟ್ಟಲೆ ಬೇಕಿಲ್ಲ. ಪ್ರತಿ ವಿಷಯಕ್ಕೂ ಇಂಗ್ಲಿಷ್–ಕನ್ನಡ ಪದಪಟ್ಟಿಯನ್ನು ವಿಶ್ವವಿದ್ಯಾಲಯ ಒಮ್ಮೆ ಮಾಡಿಸಿ, ಮಾಡಿದವರಿಗೆ ಹಣ ಕೊಟ್ಟು ಹಂಚಿದರೆ ನೂರಾರು ಕಾಲೇಜುಗಳ ನೂರಾರು ಭಾನುವಾರ ಉಳಿಯುತ್ತವೆ. ಪೋರ್ಟಲಿನ ಕೆಲಸಕ್ಕೆ ಕಾಲೇಜಿಗೊಬ್ಬರು ಗುಮಾಸ್ತರು ಸಾಕು. ಕಣ್ಣು ಕಾಣದವರಿಗೆ, ಕೈ ಬಾರದವರಿಗೆ ಬರೆದುಕೊಡುವವರನ್ನು ಪರೀಕ್ಷೆಯ ಹಿಂದಿನ ರಾತ್ರಿ ಹುಡುಕುವ ಬದಲು ಜೂನ್ ತಿಂಗಳಲ್ಲೇ ಒಂದು ಪಟ್ಟಿ ಸಿದ್ಧವಿರಲಿ. ಹಣ ಬೇಕಾದ ಕಡೆ ಹಣವನ್ನೇ ಕೊಡಬೇಕು: ಅತಿಥಿ ಉಪನ್ಯಾಸಕರ 15 ಗಂಟೆಯಲ್ಲಿ ಮೂರನ್ನಾದರೂ ವಿದ್ಯಾರ್ಥಿಗಳ ಭೇಟಿ ಮತ್ತು ತಿದ್ದುವಿಕೆಗೆಂದು ಮೀಸಲಿಟ್ಟು ಅದನ್ನೂ ಕಾರ್ಯಭಾರವೆಂದೇ ಎಣಿಸಲಿ. ಹನ್ನೆರಡು ತಿಂಗಳೂ ಗೌರವಧನ ಬರಲಿ. ಸ್ಟಾಫ್‌ರೂಮಿನಲ್ಲಿ ಅವರ ಹೆಸರಿನ ಕುರ್ಚಿಯೊಂದಿರಲಿ. ಹುಡುಗರು ಹುಡುಕಿಕೊಂಡು ಬಂದಾಗ ಎಲ್ಲಿ ಸಿಗುತ್ತಾರೆಂದು ಗೊತ್ತಿರಬೇಕಲ್ಲ.

ಈಗ ಬೋರ್ಡಿನ ಮೇಲಿನ ಆ ಲೆಕ್ಕಕ್ಕೆ ಮರಳುತ್ತೇನೆ. ಯಂತ್ರ ಒಂದು ಲಕ್ಷದ್ದು, ಬಾಳಿಕೆ ಹತ್ತು ವರ್ಷ, ವರ್ಷಕ್ಕೆ ಹತ್ತು ಸಾವಿರ ಸವಕಳಿ. ಆ ಹತ್ತು ಸಾವಿರವನ್ನು ಖರ್ಚೆಂದು ತೋರಿಸದೆ ಬಿಟ್ಟರೆ ಏನಾಗುತ್ತದೆ ಎಂದು ತರಗತಿಯಲ್ಲಿ ಕೇಳುವುದು ವಾಡಿಕೆ. ಉತ್ತರ ಸರಳ: ಆ ವರ್ಷದ ಲಾಭ ಇರುವುದಕ್ಕಿಂತ ಹತ್ತು ಸಾವಿರ ಹೆಚ್ಚು ಕಾಣುತ್ತದೆ, ಆಸ್ತಿಯೂ ಅಷ್ಟೇ ಹೆಚ್ಚು ಕಾಣುತ್ತದೆ, ಹತ್ತನೇ ವರ್ಷ ಯಂತ್ರ ನಿಂತಾಗ ಹೊಸದು ಕೊಳ್ಳಲು ಪೆಟ್ಟಿಗೆಯಲ್ಲಿ ಏನೂ ಇರುವುದಿಲ್ಲ. ಎಲ್ಲರನ್ನೂ ಒಳಗೊಂಡಿದ್ದೇವೆ ಎಂದು ನಮ್ಮ ಕಾಲೇಜುಗಳು ವರ್ಷವರ್ಷ ತೋರಿಸುವ ಲಾಭ ಇಂಥದ್ದೇ. ಮೇಷ್ಟ್ರ ಸವಕಳಿಯನ್ನು ಯಾವ ಖಾತೆಗೂ ಹಾಕಿಲ್ಲ.

ಇದು ಪಿಯುಸಿ ಮಟ್ಟದ ಲೆಕ್ಕ. ಹಿಂದಿನ ಬೆಂಚಿನ ಆ ಹುಡುಗಿಗೆ ಕನ್ನಡದಲ್ಲಿ ಕೇಳಿ ನೋಡಿ, ಬರುತ್ತೆ.